ಒಂಬತ್ತು ಅಡಿ ಜುರಾಸಿಕ್ ಕಲ್ಲು

ಕಳೆದ ತಿಂಗಳು ಆಸ್ಟಿನ್‌ನಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟಕ್ಕೆ ಮುಂಚೆ ಹಿತ್ತಲಿನಲ್ಲಿ ನಿಂತಿದ್ದಾಗ, ಬೆಳಗಿನಿಂದ ಬಿಸಿಲಿಗೆ ಕಾದಿದ್ದ ಸುಣ್ಣಕಲ್ಲಿನ ಗೋಡೆಯ ಮೇಲೆ ಹತ್ತು ನಿಮಿಷದ ಮಳೆ ಬಿತ್ತು. ಕಾದ ಸುಣ್ಣಕಲ್ಲು ನೆನೆದಾಗ ಏಳುವ ವಾಸನೆ ಮಣ್ಣಿನ ವಾಸನೆಯಲ್ಲ. ಅದರಲ್ಲಿ ಹೊಸದಾಗಿ ಸುಣ್ಣ ಬಳಿದ ಕೋಣೆಯ ತಂಪು ಇರುತ್ತದೆ. ಬಹಳ ಕಾಲ ಮುಚ್ಚಿಟ್ಟ ಏನನ್ನೋ ತೆರೆದಂಥ ಒಂದು ಹಳಸಲು ಇರುತ್ತದೆ. ಆ ವಾಸನೆಗೆ ನಾನು ನಿಂತಲ್ಲೇ ನಿಂತೆ.

"ಅಂಕಲ್, ಇದು ಜುರಾಸಿಕ್ ಕಾಲದ ಕಲ್ಲು," ಎಂದರು ಮನೆಯ ಯಜಮಾನರು, ಗೋಡೆಯನ್ನು ತಟ್ಟುತ್ತ. "ಬಿಲ್ಡರ್ ಹೇಳ್ದ. ಡೈನೋಸಾರ್ ಓಡಾಡ್ತಿದ್ದ ಟೈಮ್‌ದಂತೆ."

"ಬಿಲ್ಡರ್ ನೋಡ್ಯಾನೇನ್ರಿ?" ಎಂದೆ.

ನನ್ನ ಹೆಂಡತಿ ಸರೋಜಾ ಹಿಂದಿನಿಂದಲೇ ತಡೆದಳು. "ಹೊಸ ಮನಿ ಐತಿ. ಹೋಳಗಿ ತಿಂದು ಹೋಗೋಣು. ಗ್ವಾಡಿ ಕೂಡ ಜಗಳಾ ತಗೀಬ್ಯಾಡ್ರಿ."

ಹೋಳಿಗೆ ತಿಂದೆ, ಸುಮ್ಮನಿದ್ದೆ. ಆದರೆ ಆ ಗೋಡೆಯ ಕಲ್ಲು ಜುರಾಸಿಕ್ ಅಲ್ಲ, ಅದರ ಮುಂದಿನ ಯುಗದ್ದು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಈ ಮೂರು ಊರುಗಳ ನಡುವೆ ಎಲ್ಲಿ ಅಡ್ಡಾಡಿದರೂ ಜುರಾಸಿಕ್ ಕಲ್ಲು ಕಾಲಿಗೆ ಸಿಗುವುದಿಲ್ಲ. ಅದು ಇರುವುದು ಈ ಟೆಕ್ಸಸ್ ರಾಜ್ಯದ ಪೂರ್ವ ಭಾಗದಲ್ಲಿ, ನೆಲದಿಂದ ಸುಮಾರು ಎರಡು ಮೈಲಿ ಆಳದಲ್ಲಿ. ಭೂವಿಜ್ಞಾನಿಗಳು ಅದನ್ನು ಸ್ಮ್ಯಾಕೋವರ್ ಪದರ ಎಂದು ಕರೆಯುತ್ತಾರೆ. ಇದನ್ನು ನಾನು ಯಾವುದೋ ಪುಸ್ತಕದಲ್ಲಿ ಓದಿ ಒಪ್ಪಿಕೊಂಡವನಲ್ಲ. ಒಂದು ವರ್ಷ ಆ ಕಲ್ಲನ್ನು ಈ ಕೈಗಳಿಂದ ಎತ್ತಿ ಇಟ್ಟಿದ್ದೇನೆ. ಅದರಲ್ಲಿ ಒಂಬತ್ತು ಅಡಿಯನ್ನು ತಪ್ಪಾಗಿ ಇಟ್ಟಿದ್ದೇನೆ.

ನಾನು ಶಾಲೆಯಲ್ಲಿ ಕಲಿತದ್ದು ಏಳನೆಯ ಇಯತ್ತೆಯವರೆಗೆ. ಉಳಿದದ್ದನ್ನು ಧಾರವಾಡದ ವಾಚನಾಲಯಗಳ ಬೆಂಚುಗಳ ಮೇಲೆ ಕುಳಿತು ನಾನೇ ಕಲಿತೆ. ಕಲ್ಲು ಹೊರುವುದರಿಂದ ಆರಂಭಿಸಿ ಮೇಸ್ತ್ರಿಯಾದೆ. ಕೊನೆಗೆ ಸರ್ಕಾರಿ ಕಾಮಗಾರಿಗಳ ಮೇಲ್ವಿಚಾರಕನಾಗಿ ನಿವೃತ್ತನಾದೆ. ಹಾಗೆ ಕಲಿತವನಿಗೆ ಒಂದು ಗುಣ ಅಂಟಿಕೊಳ್ಳುತ್ತದೆ: ಯಾರಾದರೂ ಏನಾದರೂ ಹೇಳಿದರೆ, ಹೇಳಿದವನಿಗೆ ಇದು ಹೇಗೆ ಗೊತ್ತಾಯಿತು ಎಂದು ಮೊದಲು ಕೇಳುವುದು. ಪುರಾಣಕ್ಕೂ ಕೇಳಿದ್ದೇನೆ, ಪತ್ರಿಕೆಗೂ ಕೇಳಿದ್ದೇನೆ. ಒಮ್ಮೆ ಹಳ್ಳಕ್ಕೆ ಅಡ್ಡಲಾಗಿ ಕಿರುಸೇತುವೆ ಕಟ್ಟುವಾಗ, ನಾಲ್ಕು ಅಡಿಗೆ ಗಟ್ಟಿ ನೆಲವಿದೆ ಎಂದು ಎಂಜಿನಿಯರರ ನಕ್ಷೆ ಹೇಳುತ್ತಿತ್ತು. ನಾನು ಒಪ್ಪದೆ ಅಗೆಸಿದೆ. ಆರು ಅಡಿಗೂ ಎರೆಮಣ್ಣೇ ಇತ್ತು. ಮೆಮೋ ಬಂತು, ಸೇತುವೆ ಮಾತ್ರ ಇಂದಿಗೂ ನಿಂತಿದೆ. ಕಾಗದ ಸುಳ್ಳಾಡಬಹುದು, ನೆಲ ಸುಳ್ಳಾಡುವುದಿಲ್ಲ ಎಂಬ ನಂಬಿಕೆ ಅಂದಿನಿಂದ ನನ್ನಲ್ಲಿ ಗಟ್ಟಿಯಾಯಿತು. ಅದೊಂದು ನಂಬಿಕೆ ಎಂಬುದೇ ನನಗೆ ಮರೆತುಹೋಯಿತು.

ನಾವು ಹ್ಯೂಸ್ಟನ್ನಿನ ವಾಯವ್ಯಕ್ಕಿರುವ ಸೈಪ್ರೆಸ್‌ನಲ್ಲಿ, ವೈದ್ಯೆಯಾಗಿರುವ ಮಗಳ ಮನೆಯಲ್ಲಿ ಇದ್ದೇವೆ. ನಾನು ಆ ಕಲ್ಲು ಎತ್ತಿಟ್ಟ ವರ್ಷ ಪಕ್ಕದ ಬೀದಿಗೆ ಮೈಸೂರಿನ ಚೇತನಾ ಎಂಬ ಹೆಣ್ಣುಮಗಳು ಬಂದಳು. ಭೂವಿಜ್ಞಾನಿ. ಅವಳಿಗೆ ಮೂವತ್ತಾರೋ ಮೂವತ್ತೇಳೋ ಇರಬೇಕು. ನಾನು ಅವರ ಮನೆಯ ಮುಂದಿನ ಅಲಂಕಾರದ ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದಾಗ ಅವಳು ಹೊರಗೆ ಬಂದು, "ಅಂಕಲ್, ಕಲ್ಲು ಅಂದ್ರೆ ಇಷ್ಟಾನಾ?" ಎಂದಳು. ಮುಂದಿನ ವಾರವೇ ನನ್ನನ್ನು ಒಂದು ಉಗ್ರಾಣಕ್ಕೆ ಕರೆದೊಯ್ದಳು. ಅಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವ ಹಿರಿಯರನ್ನು ಸೇರಿಸಿಕೊಳ್ಳುತ್ತಿದ್ದರು.

ತಗಡಿನ ಸೂರಿನ ದೊಡ್ಡ ಉಗ್ರಾಣ. ನೆಲದಿಂದ ಸೂರಿನವರೆಗೆ ರಟ್ಟಿನ ಪೆಟ್ಟಿಗೆಗಳು. ಎಣ್ಣೆಬಾವಿ ಕೊರೆಯುವಾಗ ಟೊಳ್ಳು ಕೊರೆಗೋಲಿನಿಂದ ಕಲ್ಲನ್ನು ಕಬ್ಬಿನ ಜಲ್ಲೆಯ ಹಾಗೆ ಉದ್ದಕ್ಕೆ ತೆಗೆಯುತ್ತಾರೆ. ಅದನ್ನು ಉದ್ದುದ್ದಕ್ಕೆ ಸೀಳಿ, ಮೂರು ಮೂರು ಅಡಿಯಂತೆ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಸೀಳಿದ ನುಣ್ಣನೆಯ ಮುಖ ಮೇಲಕ್ಕೆ ಇರಬೇಕು. ಭೂಮಿಯಲ್ಲಿ ಮೇಲಿದ್ದ ತುದಿ ಎಡಕ್ಕೆ, ಕೆಳಗಿದ್ದದ್ದು ಬಲಕ್ಕೆ. ಬರಹದ ಸಾಲಿನಂತೆ ಎಡದಿಂದ ಓದಿಕೊಂಡು ಹೋದರೆ ಭೂಮಿಯೊಳಗೆ ಇಳಿದಂತಾಗುತ್ತದೆ. ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದವನು ರೇ. ಪೂರ್ವ ಟೆಕ್ಸಸ್‌ನವನು, ಯೌವನವನ್ನೆಲ್ಲ ಎಣ್ಣೆಬಾವಿಗಳ ಮೇಲೆ ಕಳೆದವನು. ನನ್ನ ಬಸವರಾಜ ಎಂಬ ಹೆಸರು ಅವನ ಬಾಯಲ್ಲಿ ಬಸು ಆಯಿತು.

ಮೊದಲ ದಿನಗಳಲ್ಲಿ ನಾನು ಚೇತನಾಳನ್ನು ಕಾಡಿದ್ದಕ್ಕೆ ಲೆಕ್ಕವಿಲ್ಲ.

"ಹದಿನಾರು ಕೋಟಿ ವರ್ಷ ಅಂತೀಯಲ್ಲ, ಯಾರ ಎಣಿಸ್ಯಾರವಾ?"

"ಅಂಕಲ್, ನಿಮ್ಮ ಮುತ್ತಜ್ಜನ ಮುತ್ತಜ್ಜನ್ನ ನೀವು ನೋಡಿದೀರಾ?"

"ಇಲ್ಲ. ಆದ್ರ ಅವ ತೋಡಿಸಿದ ಬಾವಿ ನೋಡೀನಿ."

"ಸರಿಹೋಯ್ತು. ಇದೂ ಬಾವಿಯಿಂದ ಬಂದಿದ್ದೇ. ನೋಡಿ," ಎಂದು ಅವಳು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ಕಲ್ಲಿನ ಮುಖಕ್ಕೆ ನೀರು ಸಿಂಪಡಿಸಿದಳು.

ಒಣಗಿದಾಗ ಬೂದಿಯಂತೆ ಕಾಣುವ ಆ ಕಲ್ಲು ನೆನೆದ ಕೂಡಲೇ ಕಣ್ಣು ತೆರೆಯುತ್ತದೆ, ಅದರಿಂದ ಒಂದು ವಾಸನೆಯೂ ಏಳುತ್ತದೆ. ಆಸ್ಟಿನ್ನಿನ ಮಳೆಯಲ್ಲಿ ನನ್ನನ್ನು ನಿಲ್ಲಿಸಿದ್ದು ಅದೇ ವಾಸನೆ. ಸಾಸಿವೆಯಷ್ಟು ದುಂಡನೆಯ ಸುಣ್ಣದ ಕಾಳುಗಳು ಒತ್ತಾಗಿ ಅಂಟಿಕೊಂಡಿದ್ದವು. ನಡುವೆ ಚಿಪ್ಪಿನ ಚೂರುಗಳು. ಒಂದೆಡೆ ಉಗುರಿನಷ್ಟು ಪುಟ್ಟ ಶಂಖ, ಅಡ್ಡಕ್ಕೆ ಸೀಳಿದ್ದು. ಶಂಖದ ಹೊಟ್ಟೆ ಎರಡು ಭಾಗವಾಗಿತ್ತು. ಒಂದು ಬದಿ ಕಪ್ಪು ಕೆಸರು, ಇನ್ನೊಂದು ಬದಿ ಬಿಳಿ ಹರಳು, ನಡುವೆ ದಾರ ಹಿಡಿದು ಎಳೆದಂಥ ನೇರ ಗೆರೆ.

"ಹುಳ ಸತ್ತ ಮೇಲೆ ಶಂಖದೊಳಗೆ ಕೆಸರು ಅರ್ಧ ತುಂಬಿ ತಳದಲ್ಲಿ ಕೂತಿದೆ," ಎಂದು ಚೇತನಾ ವಿವರಿಸಿದಳು. "ಮೇಲೆ ಖಾಲಿ ಉಳಿದ ಜಾಗದಲ್ಲಿ ಆಮೇಲೆ ಹರಳು ಬೆಳೆದಿದೆ. ಆ ಗೆರೆ ಅವತ್ತು ಸಮುದ್ರದ ತಳದಲ್ಲಿ ಮಟ್ಟಸವಾಗಿತ್ತು. ಕೆಸರು ಯಾವ ಕಡೆನೋ ಅದು ಕೆಳಗೆ."

"ರಸಮಟ್ಟ!" ಎಂದೆ. ಗೋಡೆಯ ಪ್ರತಿಯೊಂದು ವರಸೆಯ ಮೇಲೂ ನಾನು ಇಟ್ಟು ನೋಡುತ್ತಿದ್ದ ರಸಮಟ್ಟದ ಗಾಜಿನ ನಳಿಗೆ, ಅದರೊಳಗಿನ ಗುಳ್ಳೆ, ನನ್ನ ಕಣ್ಣ ಮುಂದೆ ಬಂದವು. ಮನುಷ್ಯನಿಲ್ಲದ ಕಾಲದಲ್ಲಿ ಸಮುದ್ರವೊಂದು ತನ್ನ ನೆಲದ ಮಟ್ಟವನ್ನು ಶಂಖದೊಳಗೆ ಬರೆದಿಟ್ಟಿತ್ತು. ಈ ಸಾಕ್ಷ್ಯಕ್ಕೆ ಯಾವ ಪಂಡಿತನ ಸಹಿಯೂ ಬೇಕಾಗಿರಲಿಲ್ಲ. ಜುರಾಸಿಕ್ ಸಮುದ್ರವನ್ನು ನಾನು ಒಪ್ಪಿಕೊಂಡದ್ದು ಆ ಮಧ್ಯಾಹ್ನ.

ಜುಲೈಯಲ್ಲಿ ಬಿರುಗಾಳಿ ಬಂತು. ಸೈಪ್ರೆಸ್‌ನಲ್ಲಿ ನಾಲ್ಕು ದಿನ ಕರೆಂಟು ಇರಲಿಲ್ಲ. ಫ್ರಿಜ್ಜಿನಲ್ಲಿದ್ದುದನ್ನೆಲ್ಲ ಸರೋಜಾ ಗ್ಯಾಸಿನ ಒಲೆಯ ಮೇಲೆ ಬೇಯಿಸಿ ಬೀದಿಗೆಲ್ಲ ಹಂಚಿದಳು. ಉಗ್ರಾಣದ ಒಂದು ಮೂಲೆಯ ತಗಡು ಹಾರಿ, ಕೆಳಗಿನ ಪೆಟ್ಟಿಗೆಗಳು ನೆನೆದ ಹಪ್ಪಳದಂತಾಗಿದ್ದವು. ಕಲ್ಲಿನ ಬೆನ್ನ ಮೇಲೆ ಹಿಂದಿನವರು ಶಾಯಿಯಲ್ಲಿ ಬರೆದಿದ್ದ ಆಳದ ಗುರುತುಗಳೂ ಬಹುತೇಕ ತೊಳೆದುಹೋಗಿದ್ದವು. ಹೊಸ ಪೆಟ್ಟಿಗೆಗಳಿಗೆ ಬದಲಾಯಿಸಬೇಕಾಗಿತ್ತು. ರೇ ಕೊಟ್ಟ ನಿಯಮ ಒಂದೇ: ಹಳೆಯದರಿಂದ ಒಂದು ತುಂಡು ಎತ್ತು, ಹೊಸದರಲ್ಲಿ ಅದೇ ಜಾಗದಲ್ಲಿ ಇಡು, ಆಮೇಲೆ ಮುಂದಿನದು. ಸುಮಾರು ಅರವತ್ತು ಪೆಟ್ಟಿಗೆಗಳನ್ನು ನಾನು ಹಾಗೆಯೇ ಬದಲಾಯಿಸಿದೆ.

ಮೂರು ಪೆಟ್ಟಿಗೆಗಳು ಮಾತ್ರ ಆ ನಿಯಮಕ್ಕೆ ಬಗ್ಗಲಿಲ್ಲ. ಅವುಗಳಲ್ಲಿದ್ದ ಕಲ್ಲು ಬಿಸ್ಕತ್ತಿನ ಹಾಗೆ ಪದರಪದರವಾಗಿ ಬಿರಿದಿತ್ತು. ಒಂದೊಂದು ಚೂರನ್ನೂ ಎತ್ತಿದರೆ ಜಾಗ ತಪ್ಪುವುದು ಖಂಡಿತ. ರೇ ಹೊರಗೆ ತಗಡಿನವರೊಂದಿಗೆ ಮಾತನಾಡುತ್ತಿದ್ದ. ನನಗೆ ನಮ್ಮ ಮನೆಯ ಗಿಣ್ಣ ನೆನಪಾಯಿತು. ಗಿಣ್ಣ ಬೆಂದು ಆರಿದ ಮೇಲೆ ಸರೋಜಾ ಪಾತ್ರೆಯ ಬಾಯಿಗೆ ತಟ್ಟೆ ಮುಚ್ಚಿ ಒಮ್ಮೆಲೇ ಮಗುಚುತ್ತಾಳೆ. ಒಂದು ಬಿರುಕೂ ಇಲ್ಲದೆ ಇಡಿಯಾಗಿ ಇಳಿಯುತ್ತದೆ. ನಾನು ಹಾಗೆಯೇ ಹಲಗೆ ಮುಚ್ಚಿ ಮೂರೂ ಪೆಟ್ಟಿಗೆಗಳನ್ನು, ಮೊದಲನೆಯದು ನನಗೆ ಹತ್ತಿರ ಬರುವಂತೆ, ಅಕ್ಕಪಕ್ಕ ಮಗುಚಿದೆ. ನುಣ್ಣನೆಯ ಮುಖ ಈಗ ಕೆಳಗಾಗಿತ್ತು, ಇನ್ನೊಮ್ಮೆ ಮಗುಚಬೇಕಿತ್ತು. ಹೊಸ ಪೆಟ್ಟಿಗೆಗಳು, ಅಂಟಿಸುವ ಚೀಟಿಗಳು, ಫ್ಯಾನು ಎಲ್ಲವೂ ಮೇಜಿನ ಆಚೆ ಬದಿಯಲ್ಲಿದ್ದವು. ಆ ಬದಿಗೆ ಹೋಗಿ ನಿಂತು ಹೊಸ ಪೆಟ್ಟಿಗೆಗಳಿಗೆ ಮಗುಚಿದೆ. ನನಗೆ ಹತ್ತಿರವಿದ್ದದ್ದು ಮೊದಲನೆಯದು, ಎಡತುದಿ ಮೇಲಿನದು ಎಂದು ಚೀಟಿ ಅಂಟಿಸಿದೆ.

ರೇ ಒಳಗೆ ಬಂದು ನೋಡಿದ. ಒಂದು ಚಕ್ಕೆಯೂ ಅಲುಗಿರಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ಕೈಚಳಕ ನೋಡಿಲ್ಲ ಎಂದು ನನ್ನ ಬೆನ್ನು ತಟ್ಟಿದ. ಮನೆಗೆ ಬಂದು ಹೇಳಿದಾಗ ಸರೋಜಾ, "ಗಿಣ್ಣ ಮಾಡಿ ಕೈ ಸುಟಗೊಂಡಾಕಿ ನಾ, ಹೆಸರು ನಿಮಗ," ಎಂದಳು.

ಸೆಪ್ಟೆಂಬರಿನಲ್ಲಿ ಚೇತನಾಳಿಗೆ ಕೆಲಸ ಸಿಕ್ಕಿತು. ಆ ಹಳೆಯ ಕಲ್ಲಿಗೆ ಹೊಸ ಬೇಡಿಕೆ ಹುಟ್ಟಿತ್ತು. ಸ್ಮ್ಯಾಕೋವರ್ ಪದರದ ಕಾಳುಗಳ ನಡುವಿನ ಸಂದುಗಳಲ್ಲಿ ಉಪ್ಪುನೀರಿದೆ. ಆ ನೀರಿನಲ್ಲಿ ಬ್ಯಾಟರಿಗಳಿಗೆ ಬೇಕಾದ ಲಿಥಿಯಂ ಇದೆ. ಡಲ್ಲಾಸ್‌ನ ಒಂದು ಸಣ್ಣ ಕಂಪನಿ, ಎಣ್ಣೆಯ ಕಾಲದಲ್ಲಿ ತೆಗೆದಿಟ್ಟ ಒಂದು ಬಾವಿಯ ಕಲ್ಲನ್ನು ಅಡಿ ಅಡಿಯಾಗಿ ನೋಡಿ ವರದಿ ಕೊಡಲು ಅವಳಿಗೆ ಹೇಳಿತ್ತು. ಮಕ್ಕಳಿಗಾಗಿ ಐದು ವರ್ಷ ಮನೆಯಲ್ಲಿದ್ದವಳಿಗೆ ಮತ್ತೆ ಸಿಕ್ಕಿದ ಮೊದಲ ಕೆಲಸ ಅದು. "ಇದೊಂದು ಸರಿಯಾಗಿ ಮಾಡಿದ್ರೆ ಮುಂದಿನ ಮೂರು ಬಾವಿನೂ ನಂಗೇ ಕೊಡ್ತಾರೆ ಅಂಕಲ್. ಹೆಚ್ಚುಕಮ್ಮಿ ಆದ್ರೆ, ಐದು ವರ್ಷ ಮನೇಲಿದ್ದೋಳು ಅಲ್ವಾ ಅಂತಾರೆ," ಎಂದಿದ್ದಳು. ನಾನು ಅವಳ ಸಹಾಯಕನಾದೆ. ಕಲ್ಲಿಗೆ ನೀರು ಹಾಕುವುದು, ಅಳತೆಪಟ್ಟಿ ಹಿಡಿಯುವುದು ನನ್ನ ಕೆಲಸ.

ಹನ್ನೆರಡನೆಯ ದಿನ ಅವಳು ಪೆನ್ಸಿಲ್ ಕೆಳಗಿಟ್ಟಳು. ಬಾವಿ ತೋಡಿದ ಕಾಲದಲ್ಲಿ ಯಾರೋ ಒಬ್ಬರು ಇದೇ ಕಲ್ಲನ್ನು ನೋಡಿ ಕೈಬರಹದಲ್ಲಿ ಬರೆದಿಟ್ಟ ವಿವರಣೆ ಅವಳ ಬಳಿ ಇತ್ತು. ಅಲ್ಲಿಯವರೆಗೆ ಪ್ರತಿ ಅಡಿಯೂ ಅದಕ್ಕೆ ಹೊಂದುತ್ತಿತ್ತು. ಆ ಬಿಸ್ಕತ್ತಿನಂಥ ಮೂರು ಪೆಟ್ಟಿಗೆಗಳಲ್ಲಿ ಹೊಂದಲಿಲ್ಲ. ನೀರು ಹೋಗದ ಬಿಗಿಯಾದ ಕೆಸರುಗಲ್ಲು ಮೇಲಿದೆ, ಕಾಳುಗಲ್ಲು ಕೆಳಗಿದೆ ಎನ್ನುತ್ತಿತ್ತು ಕಾಗದ. ಪೆಟ್ಟಿಗೆಯಲ್ಲಿ ಕಾಳುಗಲ್ಲು ಮೇಲಿತ್ತು, ಬಿಗಿಯಾದದ್ದು ಕೆಳಗೆ. ಎರಡು ನೀರಿನ ತೊಟ್ಟಿಗಳ ನಡುವಿನ ಗೋಡೆ ಎಲ್ಲಿದೆ ಎಂಬ ಪ್ರಶ್ನೆ ಅದು. ಕಂಪನಿ ಎಲ್ಲಿ ನೀರೆತ್ತಬೇಕು ಎಂಬುದು ಅದರ ಮೇಲೆ ನಿಂತಿತ್ತು. ಶಂಖವನ್ನೋ ಚಿಪ್ಪನ್ನೋ ಹುಡುಕಿದೆವು. ಮಳೆಗೆ ನೆನೆದು ಬಿರಿದು ಒರಟಾಗಿದ್ದ ಆ ಮುಖಗಳಲ್ಲಿ ಒಂದೂ ಕಾಣಲಿಲ್ಲ.

"ಅಂಕಲ್... ಮಳೆ ಆದ್ಮೇಲೆ ಈ ಮೂರು ಪೆಟ್ಟಿಗೆ ನೀವೇ ಬದಲಾಯಿಸಿದ್ದಲ್ವಾ? ಏನಾದ್ರೂ ಹಿಂದುಮುಂದು ಆಗಿರಬಹುದಾ?"

ಪ್ರಶ್ನೆಗಿಂತ ಸಂಕೋಚವೇ ಅವಳ ದನಿಯಲ್ಲಿ ಹೆಚ್ಚಿತ್ತು. ನನಗೆ ಮಾತ್ರ ಪ್ರಶ್ನೆಯಷ್ಟೇ ಕೇಳಿಸಿತು.

"ನಲವತ್ತು ವರ್ಷ ಕಲ್ಲ ಹಿಡದೀನವಾ. ನೀ ಹುಟ್ಟೂಕಿಂತ ಮೊದಲ ನಾ ನಿಲ್ಲಿಸಿದ ಗ್ವಾಡಿ ಇನ್ನೂ ಅದಾವು."

"ಅಯ್ಯೋ, ಹಂಗಲ್ಲ ಅಂಕಲ್. ಸುಮ್ನೆ ಕೇಳ್ದೆ ಅಷ್ಟೇ."

"ಕೇಳು. ಆದ್ರ ಹೇಳ್ತೀನಿ. ಕಾಗದ ಬರದಾವ ಯಾರಂತ ನಿನಗ ಗೊತ್ತಿಲ್ಲ. ಅವಗ ಅವತ್ತ ಜ್ವರ ಇತ್ತೋ, ಮನಿಗೆ ಹೋಗೂ ಅವಸರ ಇತ್ತೋ. ಕಲ್ಲು ನಿನ್ನ ಮುಂದ ಐತಿ. ಯಾವುದನ್ನ ನಂಬತಿ?" ಕಿರುಸೇತುವೆಯ ಕಥೆಯನ್ನೂ ಪೂರ್ತಿ ಹೇಳಿದೆ.

ರೇ ಆ ಕೈಬರಹವನ್ನು ನೋಡಿ ತಲೆಯಾಡಿಸಿದ. ಇಂಥ ಅಕ್ಷರದವನು ಎರಡು ಸಲ ಅಳೆಯದೆ ಬರೆಯುವುದಿಲ್ಲ ಎಂದ. ಅಕ್ಷರ ಚೆನ್ನಾಗಿದ್ದರೆ ಮಾತು ನಿಜವಾಗುವುದೇ ಎಂದು ನಾನು ಕೇಳಿದೆ. ರೇ ಚೇತನಾಳ ಕಡೆ ನೋಡಿದ. ಅವಳು, ಅಂಕಲ್‌ಗೆ ಖಚಿತವಾಗಿ ಗೊತ್ತಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಪೆಟ್ಟಿಗೆಯಲ್ಲಿದ್ದಂತೆಯೇ ಬರೆದುಕೊಂಡಳು. ಹಳೆಯ ವಿವರಣೆ ಈ ಒಂಬತ್ತು ಅಡಿಯಲ್ಲಿ ತಪ್ಪಿದೆ ಎಂದು ಅಡಿಟಿಪ್ಪಣಿಯನ್ನೂ ಹಾಕಿದಳು. ನನಗೆ ಆದ ತೃಪ್ತಿಯನ್ನು ಈಗ ನೆನೆಸಿಕೊಳ್ಳಲು ನಾಚಿಕೆಯಾಗುತ್ತದೆ.

ಅಕ್ಟೋಬರಿನ ಒಂದು ಶುಕ್ರವಾರ ಮಧ್ಯಾಹ್ನ ಡಲ್ಲಾಸ್‌ನಲ್ಲಿ ಅವಳು ವರದಿ ಮಂಡಿಸಬೇಕಿತ್ತು. ಸಭೆಯಲ್ಲಿ ಕೈಯಲ್ಲಿ ಹಿಡಿದು ತೋರಿಸಲು ಆ ಮೂರು ಪೆಟ್ಟಿಗೆಗಳ ಕಾಳುಗಲ್ಲಿನ ಒಂದು ತುಂಡು ಚೆನ್ನಾಗಿರುತ್ತದೆ ಎಂದಳು. ರೇ ಅಂಗೈಯಷ್ಟು ದೊಡ್ಡದೊಂದನ್ನು ದಾಖಲೆ ಪುಸ್ತಕದಲ್ಲಿ ಬರೆಸಿಕೊಂಡು ಕೊಟ್ಟ. ಮೇಲಿನ ದಿಕ್ಕಿಗೆ ನಾನೇ ಅದರ ಬೆನ್ನ ಮೇಲೆ ಪೆನ್ಸಿಲಿನಿಂದ ಬಾಣದ ಗುರುತು ಹಾಕಿಕೊಂಡೆ. ಗುರುವಾರ ಮಧ್ಯಾಹ್ನ ಗ್ಯಾರೇಜಿನಲ್ಲಿ ಕುಳಿತು, ನೀರು ಹಾಕಿ ಉಜ್ಜುಕಾಗದದಿಂದ ಮೆರುಗು ಕೊಡತೊಡಗಿದೆ.

ಸ್ವಲ್ಪ ಹೊತ್ತಿನ ಮೇಲೆ ಬೂದುಬಣ್ಣದ ಒಳಗಿನಿಂದ ಒಂದು ಶಂಖ ಮೇಲೆ ಬಂತು. ಬಹಳ ಚೆಲುವಾದ ಶಂಖ. ಅರ್ಧ ಕಪ್ಪು, ಅರ್ಧ ಬಿಳಿ, ನಡುವೆ ನೇರ ಗೆರೆ. ಕೆಸರು ಇದ್ದದ್ದು ಬಾಣದ ಮೊನೆಯ ಕಡೆಗೆ. ಅಂದರೆ ಶಂಖ ತಲೆಕೆಳಗಾಗಿತ್ತು.

ಜೀವಮಾನವಿಡೀ ಅಭ್ಯಾಸ ಮಾಡಿದ ಶಂಕೆಯನ್ನೆಲ್ಲ ಆಗ ಆ ಶಂಖದ ಮೇಲೆ ಪ್ರಯೋಗಿಸಿದೆ. ಕೆಸರು ಗಟ್ಟಿಯಾದ ಮೇಲೆ ಅಲೆ ಇದನ್ನು ಉರುಳಿಸಿರಬಹುದು ಎಂದುಕೊಂಡೆ. ಒಂದೇ ಸಾಕ್ಷಿ ಸಾಕ್ಷಿಯೇ ಅಲ್ಲ ಎಂದುಕೊಂಡೆ. ಬಾಣದ ಗುರುತನ್ನೇ ತಪ್ಪಾಗಿ ಹಾಕಿರಬಹುದು ಎಂದೂ ಅನ್ನಿಸಿತು. ಕೊನೆಗೆ ಉಗ್ರಾಣದ ಮೇಜಿನ ಆಚೆ ಬದಿಯಲ್ಲಿದ್ದ ಫ್ಯಾನು, ಅಲ್ಲಿಗೆ ನಾನು ಬದಿ ಬದಲಾಯಿಸಿದ್ದು ನೆನಪಿಗೆ ಬಂತು. ಗ್ಯಾರೇಜಿನ ಮೇಜಿನ ಮೇಲೆ ಒಂದು ಇಕ್ಕಳ ಇಟ್ಟೆ, ಹಿಡಿಕೆ ನನ್ನ ಎಡಕ್ಕೆ ಬರುವಂತೆ. ಮೇಜನ್ನು ಸುತ್ತಿ ಆಚೆ ಬದಿಗೆ ಹೋಗಿ ನಿಂತೆ. ಹಿಡಿಕೆ ನನ್ನ ಬಲಕ್ಕಿತ್ತು. ಹತ್ತಿರವಿದ್ದದ್ದು ದೂರವಾಗಿತ್ತು. ಚಿಕ್ಕ ಮಗುವಿಗೂ ತಿಳಿಯುವ ಸಂಗತಿ. ಮೂರನೆಯ ಪೆಟ್ಟಿಗೆಯನ್ನು ಮೊದಲನೆಯದೆಂದೂ ಬುಡವನ್ನು ತುದಿಯೆಂದೂ ನಾನೇ ಚೀಟಿ ಅಂಟಿಸಿದ್ದೆ. ಕಾಗದ ಬರೆದವನಿಗೆ ಜ್ವರವೂ ಇರಲಿಲ್ಲ, ಅವಸರವೂ ಇರಲಿಲ್ಲ.

ಸಂಜೆ ಚೇತನಾ ಫೋನ್ ಮಾಡಿದಳು. "ಅಂಕಲ್, ಕಲ್ಲು ರೆಡಿನಾ?"

"ರೆಡಿ ಐತಿ," ಎಂದೆ. ಅಷ್ಟೇ ಹೇಳಿದೆ.

ಶುಕ್ರವಾರ ಬೆಳಗ್ಗೆ ಅವಳ ಕಾರಿನಲ್ಲಿ ನಾನೂ ಸರೋಜಾಳೂ ಹೊರಟೆವು. ಸರೋಜಾಳ ತಂಗಿ ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಇರುವುದರಿಂದ ನಮ್ಮನ್ನೂ ಕರೆದುಕೊಂಡು ಹೋಗುವುದೆಂದು ಮೊದಲೇ ಮಾತಾಗಿತ್ತು. ಚೇತನಾ ಡ್ರೈವ್ ಮಾಡುತ್ತ ತನ್ನ ಭಾಷಣವನ್ನು ಒಪ್ಪಿಸುತ್ತಿದ್ದಳು. ಹಳೆಯ ವಿವರಣೆಯ ತಪ್ಪು ಎಂಬ ಮಾತು ಬಂದಾಗಲೆಲ್ಲ ನಾನು ಕಿಟಕಿಯ ಹೊರಗೆ ನೋಡಿದೆ. ಅರ್ಧ ದಾರಿ ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕಿನ ಪಕ್ಕದ ಮರದ ಮೇಜಿನ ಬಳಿ ನಿಲ್ಲಿಸಿದೆವು. ಸರೋಜಾ ಚಪಾತಿ, ಶೇಂಗಾ ಚಟ್ನಿಯ ಡಬ್ಬಿ ಬಿಚ್ಚಿದಳು.

"ನಿನ್ನಿಯಿಂದ ನಿಮ್ಮ ಬಾಯಾಗ ಮಾತ ಇಲ್ಲ," ಎಂದಳು ನನ್ನ ಮುಖ ನೋಡುತ್ತ. "ಜಗಳಾ ಮಾಡಾಕ ಒಬ್ಬರೂ ಸಿಕ್ಕಿಲ್ಲೇನು, ಇಲ್ಲಾ ನೀವ ಏನರ ಮಾಡೀರಿ?"

ಕಲ್ಲನ್ನು ಚೀಲದಿಂದ ತೆಗೆದು ಚೇತನಾಳ ಮುಂದೆ ಇಟ್ಟೆ. ಬಾಟಲಿಯಿಂದ ಸ್ವಲ್ಪ ನೀರು ಹನಿಸಿದೆ. ಬೆನ್ನ ಮೇಲಿನ ಬಾಣವನ್ನು ತೋರಿಸಿ, ತಿರುಗಿಸಿ, ಶಂಖವನ್ನು ತೋರಿಸಿದೆ. ಅವಳಿಗೆ ವಿವರಿಸಿ ಹೇಳುವ ಅಗತ್ಯವಿರಲಿಲ್ಲ. ಆದರೂ ಗಿಣ್ಣ, ಹಲಗೆ, ಫ್ಯಾನು, ಮೇಜಿನ ಆಚೆ ಬದಿ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಪಕ್ಕದ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

"ನಿನ್ನೆ ಸಂಜೆ ನಾನು ಫೋನ್ ಮಾಡ್ದಾಗ ಇದು ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ರೆಡಿ ಐತಿ ಅಂದ್ರಿ."

ನನ್ನ ಪರವಾಗಿ ಮಾತನಾಡುವ ಅಭ್ಯಾಸವಿರುವ ಸರೋಜಾ ಕೂಡ ಡಬ್ಬಿಯ ಮುಚ್ಚಳ ಹಾಕಿ ಚೀಲಕ್ಕೆ ಸೇರಿಸತೊಡಗಿದಳು. ತಪ್ಪು ಮಾಡಿದ್ದಕ್ಕಿಂತ ಒಂದು ರಾತ್ರಿ ಅದನ್ನು ಇಟ್ಟುಕೊಂಡದ್ದು ದೊಡ್ಡದು ಎಂಬುದು ಮೂವರಿಗೂ ತಿಳಿದಿತ್ತು.

ಚೇತನಾ ಎದ್ದು ರೇಗೆ ಫೋನ್ ಮಾಡಿದಳು. ಮೊದಲನೆಯ ಮತ್ತು ಮೂರನೆಯ ಪೆಟ್ಟಿಗೆಗಳಿಂದ ಎರಡೆರಡು ತುಂಡು ತೆಗೆದು, ಮುಖ ಉಜ್ಜಿ, ಚಿಪ್ಪು ಹುಡುಕಿ, ಕೆಸರು ಯಾವ ಕಡೆಗಿದೆ ನೋಡಿ ಹೇಳು ಎಂದಳು. ಆಮೇಲೆ ಕಾರಿನ ಕೀಲಿಯನ್ನು ನನ್ನ ಮುಂದೆ ಇಟ್ಟಳು. "ನೀವು ಡ್ರೈವ್ ಮಾಡಿ. ನಾನು ಸ್ಲೈಡ್ ತಿದ್ದಬೇಕು."

ಡಲ್ಲಾಸ್‌ವರೆಗೆ ನಾನು ಓಡಿಸಿದೆ. ಹಿಂದಿನ ಸೀಟಿನಲ್ಲಿ ಅವಳ ಬೆರಳುಗಳು ಲ್ಯಾಪ್‌ಟಾಪಿನ ಮೇಲೆ ಸದ್ದು ಮಾಡುತ್ತಲೇ ಇದ್ದವು. ಊರಿನ ದೊಡ್ಡ ಕಟ್ಟಡಗಳು ಕಾಣುವ ಹೊತ್ತಿಗೆ ರೇನ ಫೋನ್ ಬಂತು. ಎರಡೂ ಪೆಟ್ಟಿಗೆಗಳಲ್ಲಿ ಒಂದೊಂದು ಚಿಪ್ಪು ಸಿಕ್ಕಿತ್ತು. ಎರಡರಲ್ಲೂ ಕೆಸರು ಮೇಲಿತ್ತು.

ಸಭೆಯಲ್ಲಿ ಏಳೆಂಟು ಜನರಿದ್ದರು. ನಾನು ಕೊನೆಯ ಕುರ್ಚಿಯಲ್ಲಿ ಕುಳಿತಿದ್ದೆ. ಹಳೆಯ ವಿವರಣೆಯೇ ಸರಿ, ಪೆಟ್ಟಿಗೆಗಳು ಮಳೆಯ ನಂತರ ತಿರುವುಮುರುವಾಗಿದ್ದವು, ಅದು ಪತ್ತೆಯಾದದ್ದು ತನಗೆ ಇಂದು ಬೆಳಗ್ಗೆ ತಿಳಿಯಿತು ಎಂದು ಚೇತನಾ ಮುಚ್ಚುಮರೆಯಿಲ್ಲದೆ ಹೇಳಿದಳು. ಯಾರ ಹೆಸರನ್ನೂ ಹೇಳಲಿಲ್ಲ. ಪತ್ತೆ ಮಾಡಿದವರು ಯಾರು ಎಂದು ಒಬ್ಬರು ಕೇಳಿದರು. ನಾನು ಎದ್ದು ನಿಂತು, ನನಗೆ ಬರುವ ಇಂಗ್ಲಿಷಿನಲ್ಲಿ, ಪತ್ತೆ ಮಾಡಿದವನೂ ನಾನೇ, ತಿರುಗಿಸಿದವನೂ ನಾನೇ ಎಂದೆ. ಕೆಲವರು ನಕ್ಕರು. ಮೇಜಿನ ಎದುರು ತುದಿಯಲ್ಲಿ ಕುಳಿತಿದ್ದ ಮುಖ್ಯಸ್ಥರು ನಗಲಿಲ್ಲ. ಬಿರುಗಾಳಿಯ ನಂತರ ಬದಲಾಯಿಸಿದ ಅಷ್ಟೂ ಪೆಟ್ಟಿಗೆಗಳನ್ನು ಮತ್ತೆ ನೋಡಬೇಕು, ಅದು ಮುಗಿಯುವವರೆಗೆ ಮುಂದಿನ ಮೂರು ಬಾವಿಗಳ ಮಾತು ಬೇಡ ಎಂದು ತೀರ್ಮಾನವಾಯಿತು.

ಚೇತನಾ ನಮ್ಮನ್ನು ಕ್ಯಾರಲ್ಟನ್‌ನಲ್ಲಿ ಇಳಿಸಿದಳು. "ಬರ್ತೀನಿ ಆಂಟಿ," ಎಂದು ಸರೋಜಾಳಿಗೆ ಮಾತ್ರ ಹೇಳಿದಳು.

ಸೋಮವಾರ ನಾನು ಉಗ್ರಾಣಕ್ಕೆ ಹೋದೆ. ಇನ್ನು ಬರಬೇಡ ಎನ್ನುವುದಾದರೆ ಮುಖ ನೋಡಿಯೇ ಹೇಳಲಿ ಎಂದುಕೊಂಡಿದ್ದೆ. ರೇ ಒಂದು ನಮೂನೆಯನ್ನು ಮುಂದೆ ಇಟ್ಟ. ಕಲ್ಲಿನ ಜೊತೆ ಶಾಶ್ವತವಾಗಿ ಉಳಿಯುವ ಕಡತ ಅದು. ಯಾವ ಪೆಟ್ಟಿಗೆ, ಏನಾಯಿತು, ಯಾರಿಂದ ಆಯಿತು, ಹೇಗೆ ತಿಳಿಯಿತು ಎಂದು ಬರೆಯಬೇಕು. ನಾನು ಬರೆದೆ. ಇಂಗ್ಲಿಷಿನಲ್ಲಿ ನಿಧಾನವಾಗಿ, ಗೆರೆ ತಪ್ಪದಂತೆ ಬರೆದು, ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಮುಂದೆ ಎಂದೋ ಯಾವನೋ ಇದನ್ನು ಓದುವಾಗ, ಈ ಬಸವರಾಜನಿಗೆ ಅಂದು ಜ್ವರವಿತ್ತೋ ಅವಸರವಿತ್ತೋ ಎಂದು ಕೇಳುತ್ತಾನೆ, ಕೇಳಲಿ ಎನ್ನಿಸಿತು.

ಹತ್ತು ಗಂಟೆಗೆ ಚೇತನಾ ಬಂದಳು. ನಮೂನೆಯನ್ನು ನಿಂತುಕೊಂಡೇ ಓದಿದಳು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ನನ್ನ ಸಹಿಯ ಕೆಳಗೆ ಒಂದು ಸಾಲು ಬರೆದು ತನ್ನ ಹೆಸರು ಹಾಕಿದಳು. ಬಗ್ಗಿ ನೋಡಿದೆ. ಪರೀಕ್ಷಿಸದೆ ಒಪ್ಪಿಕೊಂಡವಳು ನಾನು ಎಂದು ಬರೆದಿದ್ದಳು.

"ಬ್ಯಾಡವಾ. ಇದರಾಗ ನಿನ್ನ ತಪ್ಪ ಏನೈತಿ?"

"ಇದೆ ಅಂಕಲ್. ಆ ಹಳೇ ಕಾಗದ ಬರೆದೋರು ಯಾರೂಂತ ನಂಗೆ ಗೊತ್ತಿಲ್ಲ. ಆದ್ರೂ ಅಡಿ ಅಡಿ ಕಲ್ಲಿನ ಜೊತೆ ಹೋಲಿಸಿ ನೋಡ್ದೆ. ನೀವು ಹೇಳಿದ್ದನ್ನ ಒಂದು ಸಲಾನೂ ನೋಡ್ಲಿಲ್ಲ. ರೇ ಹಂಗಂದಿದ್ರೆ ನಾನು ಬಿಡ್ತಿರ್ಲಿಲ್ಲ, ಮುಖಕ್ಕೇ ಕೇಳ್ತಿದ್ದೆ. ದೊಡ್ಡೋರು ಬೇಜಾರ್ ಮಾಡ್ಕೊಂಡ್ರಲ್ಲ ಅಂತ ಸುಮ್ನಾದೆ."

ಹಿರಿಯರು ಹೇಳಿದರೆಂಬ ಒಂದೇ ಕಾರಣಕ್ಕೆ ನಾನು ಈ ಜನ್ಮದಲ್ಲಿ ಯಾವುದನ್ನೂ ಒಪ್ಪಿದವನಲ್ಲ. ಅಂಥವನು ಯಾವ ದಿನದಿಂದ ಇನ್ನೊಬ್ಬರಿಗೆ ಹಿರಿಯರ ಮಾತಾಗಿಬಿಟ್ಟೆನೋ ನನಗೆ ತಿಳಿದಿರಲಿಲ್ಲ.

ಅವಳು ಪೆನ್ನನ್ನು ಹಿಂದಿರುಗಿಸಿದಳು. "ಅರವತ್ತು ಪೆಟ್ಟಿಗೆ ಇದೆ. ಮೊದಲನೇದು ತೆಗೀರಿ ಅಂಕಲ್. ಇವತ್ತು ಪ್ರತಿಯೊಂದಕ್ಕೂ ನಾನು ಕೇಳ್ತೀನಿ. ನೀವು ಮುಖ ಊದಿಸ್ಕೋಬಾರ್ದು."

"ಕೇಳವಾ," ಎಂದೆ.

ಅವಳು ಕೇಳಿದಳು. ಸಂಜೆ ಐದರವರೆಗೂ ಕೇಳಿದಳು.